ಗಿರಿಜಕ್ಕನ ಟ್ರಂಕು

ಮೊನ್ನೆ ತುರುವೇಕೆರೆಯಿಂದ ತಿಪಟೂರಿಗೆ ಬರುವ ಸಂಜೆ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ಪಕ್ಕಕ್ಕೆ ಬಂದು ಕೂತರು. ಮದುವೆಮನೆಗೆ ಹೊರಟವರು. ಅವರು ಕೂತದ್ದೇ ತಡ, ಸೀಟಿನ ತುಂಬ ನುಸಿಗುಳಿಗೆಯ ವಾಸನೆ. ಬೀರುವಿನಿಂದ ಆಗಷ್ಟೇ ತೆಗೆದು, ಗಾಳಿಗೆ ಹರವಲೂ ಪುರುಸೊತ್ತಿಲ್ಲದೆ ಸುತ್ತಿಕೊಂಡು ಬಂದ ರೇಷ್ಮೆ ಸೀರೆ. ನಾನು ಮೂಗೆಳೆದದ್ದು ಕಂಡಿತೋ ಏನೋ, ಅವರೇ ಸಂಕೋಚದಿಂದ, "ವಾಸ್ನೆ ಬತ್ತೈತೇನ್ರೀ?" ಎಂದು ಕೇಳಿದರು. "ಬರ್ಲಿ ಬುಡಿ, ನಂಗೇನೂ ಆಗಲ್ಲ" ಎಂದೆ. ಆಗುತ್ತಿದ್ದುದು ಬೇರೆ. ಈ ವಾಸನೆ ಬಂದರೆ ಈಚೆಗೆ ನನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಎರಡೂ ಒಟ್ಟಿಗೆ ಬಂದರೆ ಬಸ್ಸಿನಲ್ಲಿ ಏನು ಮಾಡಬೇಕು ನೀವೇ ಹೇಳಿ. ಕಿಟಕಿಯ ಕಡೆ ತಿರುಗಿ ತೆಂಗಿನ ಮರ ನೋಡುತ್ತ ಕೂತೆ. ನಮ್ಮ ದಾರಿಯಲ್ಲಿ ನೋಡುವುದಕ್ಕೆ ಬೇರೆ ಏನೂ ಸಿಗುವುದಿಲ್ಲ.

ನನ್ನ ವಿಷಯ ಎರಡು ಮಾತು ಹೇಳಿಬಿಡುತ್ತೇನೆ. ನನಗೆ ತುರುವೇಕೆರೆಯ ಗ್ರಂಥಾಲಯದಲ್ಲಿ ಕೆಲಸ, ತಿಪಟೂರಿನಲ್ಲಿ ಮನೆ. ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಒಂದೆರಡು ಗಂಡು ತಪ್ಪಿದವು, ಆಮೇಲೆ ಯಾರೂ ನೆನಪು ಮಾಡಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದೇನೆ. ಆ ಚಟ ಮನೆಗೂ ಬಂದಿದೆ. ಸಾಸಿವೆ ಡಬ್ಬಿಯ ಮೇಲೆ ಸಾಸಿವೆ ಎಂದೂ ಮೆಂತ್ಯದ ಡಬ್ಬಿಯ ಮೇಲೆ ಮೆಂತ್ಯ ಎಂದೂ ಬರೆದಿದೆ. "ಒಂದಿನ ನಿನ್ ಹಣೆಗೂ ಒಂದು ಚೀಟಿ ಅಂಟಿಸ್ಕೋತೀಯ ಕಣೇ" ಎಂದು ನಮ್ಮಕ್ಕ ಗಿರಿಜಾ ನಗುತ್ತಿದ್ದಳು. ಇಂಥ ನಾನು, ಚೀಟಿ ಅಂಟಿಸಲೇಬೇಕಾಗಿದ್ದ ಒಂದು ಜಾಗದಲ್ಲಿ ಅಂಟಿಸದೆ ಕೆಟ್ಟೆ. ಆ ಜಾಗವೆಂದರೆ ಒಂದು ತಗಡಿನ ಟ್ರಂಕು.

ಕಳೆದ ಚಳಿಗಾಲದಲ್ಲಿ ಒಂದು ದಿನ ಚೈತ್ರ ಫೋನು ಮಾಡಿದಳು. ಚೈತ್ರ ಗಿರಿಜಕ್ಕನ ಮಗಳು, ನನಗಿರುವ ಒಬ್ಬಳೇ ಮಗಳೆಂದರೂ ಆದೀತು. ತುಮಕೂರಿನಲ್ಲಿ ಹೈಸ್ಕೂಲು ಟೀಚರು. ಮದುವೆ ಗೊತ್ತಾಗಿತ್ತು, ಹುಡುಗ ಅರಸೀಕೆರೆ ಕಡೆಯವನು, ದನದ ಡಾಕ್ಟರು.

"ಚಿಕ್ಕಮ್ಮ, ಮದುವೆ ದಿನ ಅಮ್ಮಂದು ಏನಾದ್ರೂ ಒಂದು ನನ್ನ ಮೈಮೇಲೆ ಇರ್ಬೇಕು ಅಂತ ಆಸೆ. ನನ್ನ ಹತ್ರ ಒಂದು ಹಳೇ ಸೀರೆ ತುಂಡು ಬಿಟ್ರೆ ಏನೂ ಇಲ್ಲ. ನಿನ್ನ ಹತ್ರ ಏನಾದ್ರೂ ಇದ್ಯಾ?"

"ಇದೆ" ಎಂದೆ.

"ಹಂಗಾದ್ರೆ ನೀನೇ ಒಂದು ಆರಿಸು. ಒಂದೇ ಸಾಕು. ಆದ್ರೆ ಅದರ ಕಥೆ ಹೇಳ್ಬೇಕು. ಅಮ್ಮ ಅದನ್ನ ಯಾವಾಗ ಉಟ್ಟಿದ್ದು, ಯಾಕೆ ತಗೊಂಡಿದ್ದು, ಎಲ್ಲಾ."

ಇಲ್ಲಿ ನಿಮಗೊಂದು ವಿಷಯ ತಿಳಿದಿರಬೇಕು. ಚೈತ್ರಳಿಗೆ ಇಬ್ಬರು ತಾಯಂದಿರು. ಗಿರಿಜಕ್ಕ ಹತ್ತು ದಿನದ ಜ್ವರದಲ್ಲಿ ಹೋದಾಗ ಈ ಮಗುವಿಗೆ ಎರಡು ವರ್ಷ ತುಂಬಿ ಸ್ವಲ್ಪ ದಿನವಾಗಿತ್ತು. ಒಂದು ವರ್ಷ ಕಳೆದ ಮೇಲೆ ಭಾವ ಇನ್ನೊಂದು ಮದುವೆಯಾದರು. ಚಿಕ್ಕನಾಯಕನಹಳ್ಳಿ ಕಡೆಯ ಹೆಣ್ಣು, ಹೆಸರು ಕಮಲ. ಅವಳನ್ನು ಚೈತ್ರ "ನಮ್ಮಮ್ಮ" ಎನ್ನುತ್ತಾಳೆ, ಗಿರಿಜಕ್ಕನನ್ನು ಬರಿಯ "ಅಮ್ಮ" ಎನ್ನುತ್ತಾಳೆ. ನಾನು ಮಾತ್ರ ಇಪ್ಪತ್ತನಾಲ್ಕು ವರ್ಷ ಕಮಲಳ ಹೆಸರನ್ನೇ ಎತ್ತಲಿಲ್ಲ. "ಅವರು" ಎನ್ನುತ್ತಿದ್ದೆ. ಜಗಳವೇನೂ ಇರಲಿಲ್ಲ. ಹಬ್ಬಕ್ಕೆ ಭಾವನ ಊರು ಬಿಳಿಗೆರೆಗೆ ಹೋದರೆ ಅವಳು ಕಾಫಿ ಕೊಡುತ್ತಿದ್ದಳು, ನಾನು ಕುಡಿದು ಲೋಟವನ್ನು ಕೆಳಗಿಡುತ್ತಿದ್ದೆ. ಅಷ್ಟೇ.

ಭಾವನ ಆ ಎರಡನೇ ಮದುವೆಗೆ ಒಂದು ವಾರ ಇದ್ದಾಗ ನಾನು ಬಿಳಿಗೆರೆಗೆ ಹೋಗಿ ಅಕ್ಕನ ಬೀರು ಬಿಡಿಸಿ, ಇದ್ದಬದ್ದದ್ದನ್ನೆಲ್ಲ ಟ್ರಂಕಿಗೆ ತುಂಬಿದೆ. ಸೀರೆ, ಬಳೆ, ಬೆಳ್ಳಿ ಸಾಮಾನು, ಪೆಟಿಕೋಟಿನ ದಾರವನ್ನೂ ಬಿಡಲಿಲ್ಲ. "ಮಗು ದೊಡ್ಡೋಳಾದ್ಮೇಲೆ ಕೊಡ್ತೀನಿ ಭಾವ" ಎಂದೆ. ಅವರು ತೋಟದ ಕಡೆ ಮುಖ ಮಾಡಿ ನಿಂತು, "ತಗೊಂಡೋಗಮ್ಮ. ನಂಗೂ ಅದನ್ನ ನೋಡಾಕಾಗಲ್ಲ" ಎಂದರು. ಬಸ್ಸಿನ ಟಾಪಿನ ಮೇಲೆ ಟ್ರಂಕು ಹಾಕಿಸಿಕೊಂಡು ಬಂದೆ. ದಾರಿಯುದ್ದಕ್ಕೂ, ನಾನು ನಮ್ಮಕ್ಕನನ್ನು ಯಾರ ಕೈಗೂ ಸಿಗದ ಹಾಗೆ ಕಾಪಾಡಿದೆ ಎಂದುಕೊಂಡಿದ್ದೆ.

ಹಾಗಾಗಿ ಚೈತ್ರ ಫೋನಿಟ್ಟ ಮೇಲೆ ನನ್ನನ್ನು ಮೊದಲು ಕಾಡಿದ್ದು ಆ ಹಳೇ ಸೀರೆಯ ತುಂಡು. ಯಾವ ಸೀರೆ? ಒಂದು ಕರವಸ್ತ್ರವನ್ನೂ ಬಿಡದೆ ನಾನೇ ತಂದಿದ್ದೆನಲ್ಲ. ಆಮೇಲೆ, ಎಲ್ಲೋ ಒಗೆಯೋ ಬಟ್ಟೆಯಲ್ಲಿ ಉಳಿದಿರಬೇಕು ಎಂದುಕೊಂಡು ಟ್ರಂಕು ತೆಗೆದೆ.

ಮುಚ್ಚಳ ಎತ್ತಿದರೆ ನುಸಿಗುಳಿಗೆ ವಾಸನೆ ಮುಖಕ್ಕೆ ಬಡಿಯಿತು. ಒಂದೊಂದಾಗಿ ಚಾಪೆಯ ಮೇಲೆ ಇಟ್ಟೆ. ಎಲ್ಲದರ ಮೇಲೆ ಕೆಂಪು ಅಂಚಿನ ಅರಿಶಿನ ಬಣ್ಣದ ರೇಷ್ಮೆ ಸೀರೆ. ಅದು ಅಕ್ಕನ ಧಾರೆ ಸೀರೆ. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ವರ್ಷಕ್ಕೊಂದು ಸಲ ಅದನ್ನು ತೆಗೆದು ಮಡಿಕೆ ಬದಲಾಯಿಸಿ, ಮುಖಕ್ಕೆ ಒತ್ತಿಕೊಂಡು ಅತ್ತು, ಮತ್ತೆ ಒಳಗಿಡುತ್ತಿದ್ದೆ. ಅದರ ಕೆಳಗೆ ಮಡಿಕೆಯಲ್ಲೇ ಹರಿದುಹೋದ ಸೀರೆಗಳು, ಒಡೆದ ಬಳೆ, ಬೆಳ್ಳಿಯ ಕುಂಕುಮದ ಭರಣಿ, ಜಡೆಬಿಲ್ಲೆ, ಒಂದು ಜೊತೆ ಹಿತ್ತಾಳೆ ದೀಪ. ಭರಣಿ ಕೈಗೆತ್ತಿಕೊಂಡೆ. ಇದರ ಕಥೆ ಏನು? ಅಕ್ಕನಿಗೆ ಅಮ್ಮ ಕೊಟ್ಟದ್ದೋ, ಅತ್ತೆಮನೆಯವರು ಕೊಟ್ಟದ್ದೋ? ಜಡೆಬಿಲ್ಲೆ ಅಕ್ಕ ಮುಡಿದದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಆದರೆ ಕಣ್ಣಿಗೆ ಕಟ್ಟಿದ ಆ ಚಿತ್ರದಲ್ಲಿ ಅವಳ ಮುಖ ಒಮ್ಮೊಮ್ಮೆ ನನ್ನಮ್ಮನದಾಗುತ್ತಿತ್ತು. ದೀಪಗಳ ವಿಷಯವಂತೂ ಕೇಳಬೇಡಿ, ನಾನೇ ಯಾವುದೋ ಅಂಗಡಿಯಲ್ಲಿ ಕೊಂಡೆನೇನೋ ಎನ್ನಿಸತೊಡಗಿತು. ಅಕ್ಕನನ್ನು ಇಷ್ಟು ವರ್ಷ ಹೃದಯದಲ್ಲಿಟ್ಟುಕೊಂಡಿದ್ದೇನೆ ಎಂದು ಎಲ್ಲರ ಹತ್ತಿರ ಹೇಳಿಕೊಂಡವಳು ನಾನು. ಈಗ ನಾಲ್ಕು ಸಾಮಾನಿಗೆ ನಾಲ್ಕು ಸಾಲು ಬರೆಯಲು ಕೈ ಓಡುತ್ತಿಲ್ಲ.

ಹೊಸದನ್ನೇ ಕೊಂಡುಬಿಡೋಣ ಎನ್ನುವ ಹೇಡಿ ಯೋಚನೆಯೂ ಬಂತು. ತಿಪಟೂರಿನ ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿ ಹುಡುಗಿಗೆ ನೆನಪಿಗೆ ಉಳಿಯುವಂಥ ಹಳೇ ಕಾಲದ ಸಾಮಾನು ಬೇಕು ಎಂದೆ. ಅಂಗಡಿಯಾತ ಉತ್ಸಾಹದಿಂದ ಮೇಜಿನ ಮೇಲೆ ಭರಣಿಗಳನ್ನು ಸುರಿದ. ಎಲ್ಲವೂ ಕಪ್ಪಿಟ್ಟಿದ್ದವು, ಅಲ್ಲಲ್ಲಿ ತಗ್ಗೂ ಇದ್ದವು. "ಇದು ಹೋದ ತಿಂಗಳು ಬಂದಿರೋ ಮಾಲು ಮೇಡಂ. ಆಂಟಿಕ್ ಫಿನಿಶು. ನೋಡಿದ್ರೆ ನಿಮ್ಮಜ್ಜೀದು ಅನ್ಬೇಕು" ಎಂದ. ನಾನು ಮನೆಯಲ್ಲಿ ಹಳೆಯದನ್ನಿಟ್ಟುಕೊಂಡು ಯಾರದ್ದೆಂದು ತಿಳಿಯದೆ ಒದ್ದಾಡುತ್ತಿದ್ದೆ. ಇವನು ಹೊಸದಕ್ಕೆ ಅಜ್ಜಿಯನ್ನೇ ಜೋಡಿಸಿಕೊಡುತ್ತಿದ್ದ. ಅವನ ಧೈರ್ಯ ನನಗಿದ್ದಿದ್ದರೆ ಕೆಲಸ ಅಲ್ಲೇ ಮುಗಿಯುತ್ತಿತ್ತು. ಬರಿಗೈಯಲ್ಲಿ ಬಂದೆ.

ಸಂಪಿಗೆಯಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಎಂಬತ್ತು ದಾಟಿದೆ. ನಮ್ಮ ಮನೆತನದಲ್ಲಿ ಯಾರಿಗೆ ಏನು ಕೊಟ್ಟರು ಎನ್ನುವುದಕ್ಕೆ ಅವರೇ ಕೊನೆಯ ಮಾತು. ಭರಣಿ, ಬಿಲ್ಲೆಗಳನ್ನು ಚೀಲದಲ್ಲಿ ಹಾಕಿಕೊಂಡು ಒಂದು ಭಾನುವಾರ ಹೋದೆ. ಅತ್ತೆ ಭರಣಿಯನ್ನು ಬಿಸಿಲಿಗೆ ಹಿಡಿದು, "ಗಿರಿಜೀದೇ ಕಣೇ. ನಾನೇ ಕೊಟ್ಟಿದ್ದು" ಎಂದರು. ಬಿಲ್ಲೆ? "ಅದು ನಿಮ್ಮವ್ವಂದು." ಬರೆದುಕೊಂಡೆ. ಊಟವಾಗಿ, ಎಲೆಯಡಿಕೆ ಹಾಕಿಕೊಂಡು, ಮತ್ತೆ ನೋಡಿದರು. "ಬಿಲ್ಲೆ ಗಿರಿಜೀದು. ಭರಣಿ ನಿಮ್ಮವ್ವಂದು" ಎಂದರು.

"ಅತ್ತೆ, ಆಗ್ಲೇ ತಿರುಗಮುರುಗ ಹೇಳಿದ್ರಲ್ಲ?"

"ಆಗ ಹೊಟ್ಟೆ ಹಸ್ದಿತ್ತು ಕಣೇ. ಈಗ ಹೇಳ್ತಿರಾದು ದಿಟ."

ಸತ್ತವರ ಒಡವೆ ಮದುವಣಗಿತ್ತಿಗೆ ಆಗುತ್ತದೋ ಇಲ್ಲವೋ ಎಂಬ ಅನುಮಾನವನ್ನು ಪಕ್ಕದ ಮನೆಯವರು ನನ್ನ ತಲೆಗೆ ಹಾಕಿದ್ದರು. ಅದನ್ನೂ ಕೇಳಿದೆ. "ಮುತ್ತೈದೆಯಾಗಿ ಹೋದೋಳು, ಅವಳದ್ದೆಲ್ಲಾ ಶುಭಾನೇ" ಎಂದರು ಅತ್ತೆ. ಅರಿಶಿನದ ಸೀರೆಯ ಮಾತೆತ್ತಿದಾಗ ಮಾತ್ರ ಹುಬ್ಬು ಗಂಟಿಕ್ಕಿದರು. "ಧಾರೇಗೆ ಹಸ್ರು ಸೀರೆ ಉಟ್ಟಿದ್ಲು. ಅರಿಶಿನದ್ದು ಎಲ್ಲಿಂದ ಬಂತು? ಮದುವೆ ಪಟ ಐತಲ್ಲ, ನೋಡೋಗು."

ಆ ಪಟಗಳ ಆಲ್ಬಮ್ ಬಿಳಿಗೆರೆಯಲ್ಲಿತ್ತು. ಟ್ರಂಕು ತುಂಬುವಾಗ ನನ್ನ ಕೈಗೆ ಸಿಗದೆ ಉಳಿದದ್ದು ಅದೊಂದೇ ಎಂದು ಆಮೇಲೆ ತಿಳಿದಿತ್ತು. ಕೇಳಿ ತರಲು ಮನಸ್ಸು ಬಂದಿರಲಿಲ್ಲ. ಈಗ ಬೇರೆ ದಾರಿಯಿಲ್ಲ. ಅರಿಶಿನದ ಸೀರೆಯನ್ನು ಚೀಲದಲ್ಲಿಟ್ಟುಕೊಂಡು, ಹಬ್ಬವೂ ಅಲ್ಲದ ಹುಣ್ಣಿಮೆಯೂ ಅಲ್ಲದ ಒಂದು ಶನಿವಾರ ಬಿಳಿಗೆರೆಗೆ ಹೋದೆ.

ಕಮಲ ಅಂಗಳದಲ್ಲಿ ಕೂತು, ಅಟ್ಟದಿಂದ ಇಳಿಸಿದ ಕೊಬ್ಬರಿಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು. ಒಳಗೆ ಒಣಗಿ ಗಿಟುಕು ಬಿಟ್ಟದ್ದು ಒಂದು ಕಡೆ, ಇನ್ನೂ ಹಸಿಯಿದ್ದದ್ದು ಒಂದು ಕಡೆ. ಭಾವ ತೋಟದಲ್ಲಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಎದ್ದಳು.

"ಏನ್ ಅಕ್ಕಾವ್ರೇ, ಎಲ್ಲಾ ಚೆನ್ನಾಗವ್ರಾ?"

"ಎಲ್ಲಾ ಚೆನ್ನಾಗಿದಾರೆ. ಅಕ್ಕನ ಮದುವೆ ಆಲ್ಬಮ್ ನೋಡ್ಬೇಕಿತ್ತು" ಎಂದೆ. ಕೂರುವ ಮೊದಲೇ.

ಅವಳು ಯಾಕೆಂದು ಕೇಳಲಿಲ್ಲ. ಕೈ ತೊಳೆದು, ಒಳಗಿನಿಂದ ಬಿಳಿ ಪಂಚೆಯಲ್ಲಿ ಸುತ್ತಿದ ಆಲ್ಬಮ್ ತಂದಳು. ಪ್ರತಿ ಪಟದ ನಡುವೆ ಒಂದೊಂದು ಹಾಳೆ ಇಟ್ಟಿದ್ದಳು, ಒಂದಕ್ಕೊಂದು ಅಂಟಬಾರದೆಂದು. ನನ್ನ ಕೆಲಸದಲ್ಲಿ ನಾನು ಮಾಡುವುದೂ ಅದನ್ನೇ. ಅಷ್ಟು ಚೆನ್ನಾಗಿ ನಾನೂ ಇಡುತ್ತಿರಲಿಲ್ಲ.

"ಇದು ಧಾರೇದು" ಎಂದು ಅವಳೇ ತೆಗೆದು ತೋರಿಸಿದಳು. ಗಿರಿಜಕ್ಕ ಹಸಿರು ಸೀರೆಯಲ್ಲಿ ತಲೆ ಬಗ್ಗಿಸಿ ಕೂತಿದ್ದಳು. ಜಡೆಯಲ್ಲಿ ಬಿಲ್ಲೆ. "ಈ ಹಸ್ರು ಸೀರೇನ ಅವರ ಜೊತೇಲೇ ಮಣ್ಣು ಮಾಡಿದ್ರಂತೆ. ಇವರು ಹೇಳ್ತಿದ್ರು." ಹೌದು. ಈಗ ನೆನಪಾಯಿತು. ನಾನೇ ಹೊದಿಸಿದ್ದೆ. ಅದನ್ನು ಹೇಗೆ ಮರೆತೆನೋ ನನಗೆ ಈಗಲೂ ತಿಳಿಯುವುದಿಲ್ಲ.

"ಹಾಗಾದ್ರೆ ಇದು?" ಎಂದು ಚೀಲದಿಂದ ಅರಿಶಿನದ ಸೀರೆ ತೆಗೆದೆ.

ಕಮಲ ಅದರ ಸೆರಗನ್ನು ಬಿಚ್ಚಿ ನೋಡಿದಳು. ಮೂರು ಪಟ ಮುಂದಕ್ಕೆ ತಿರುಗಿಸಿದಳು. ಅಲ್ಲಿ ಮದುಮಗಳ ಹಿಂದೆ, ತಟ್ಟೆಯಲ್ಲಿ ಆರತಿ ಹಿಡಿದು, ಕ್ಯಾಮೆರಾ ಕಡೆ ಬಾಯಿ ತೆರೆದು ನೋಡುತ್ತ ನಿಂತಿದ್ದವಳು ನಾನು. ಕೆಂಪು ಅಂಚಿನ ಅರಿಶಿನದ ಸೀರೆಯಲ್ಲಿ.

"ನಿಮ್ದಲ್ವಾ ಅಕ್ಕಾವ್ರೇ?" ಎಂದಳು ಮೆಲ್ಲಗೆ.

ನಾನು ಇಪ್ಪತ್ತನಾಲ್ಕು ವರ್ಷ ನನ್ನದೇ ಸೀರೆಯನ್ನು ಮುಖಕ್ಕೊತ್ತಿಕೊಂಡು ಅತ್ತಿದ್ದೆ. ನಗಬೇಕೋ ಬೇಡವೋ ತಿಳಿಯದೆ ಅವಳ ಮುಖ ನೋಡಿದೆ. ಅವಳು ತುಟಿ ಬಿಗಿಹಿಡಿದು ಕೂತಿದ್ದಳು. ಮೊದಲು ನಾನೇ ನಕ್ಕೆ. ಆಮೇಲೆ ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ನಗುತ್ತಿರುವಾಗಲೇ ಅದು ನೆನಪಿಗೆ ಬಂತು. ಮದುವೆಯಾದ ಹೊಸದರಲ್ಲಿ ಗಿರಿಜಕ್ಕ ಯಾವುದೋ ನಾಮಕರಣಕ್ಕೆಂದು ಆ ಸೀರೆಯನ್ನು ನನ್ನಿಂದ ಇಸಿದುಕೊಂಡು ಹೋಗಿದ್ದಳು. ಹೋದವಳು ತಿರುಗಿ ಕೊಡಲೇ ಇಲ್ಲ. ಬಂದಾಗಲೆಲ್ಲ ಕೇಳುತ್ತಿದ್ದೆ. "ಮುಂದಿನ್ಸಲ ಬಂದಾಗ ತಗೊಂಡೋಗು ಬುಡೇ, ನಾನೇನು ತಿಂದಾಕ್ತೀನಾ?" ಎನ್ನುತ್ತಿದ್ದಳು. ಒಂದು ಸಲ ಅದೇ ವಿಷಯಕ್ಕೆ ಜೋರು ಜಗಳವಾಗಿ, ಅವಳು ನನ್ನ ಮುಂದೆಯೇ ಬೇಕೆಂದೇ ಅದನ್ನು ಉಟ್ಟುಕೊಂಡು ಓಡಾಡಿದ್ದಳು. ಅವಳು ಸತ್ತ ಮೇಲೆ ನಾನು ಅವಳನ್ನು ಬರಿಯ ಒಳ್ಳೆಯವಳನ್ನಾಗಿ ಮಾಡಿಬಿಟ್ಟಿದ್ದೆ. ಆ ಜಗಳಗಂಟಿ ನನ್ನಕ್ಕ ಎಷ್ಟೋ ವರ್ಷಗಳ ಮೇಲೆ ಅವತ್ತು ಆ ಅಂಗಳದಲ್ಲಿ ಸಿಕ್ಕಳು.

ಕಮಲ ಕಾಫಿ ತಂದಳು. ಮನಸ್ಸು ಹಗುರಾಗಿತ್ತು. ಅದಕ್ಕೇ ಕೇಳಿಬಿಟ್ಟೆ: "ಚೈತ್ರನ ಹತ್ರ ಅಕ್ಕಂದು ಯಾವ್ದೋ ಹಳೇ ಸೀರೆ ಇದೆಯಂತಲ್ಲ. ಅದು ಯಾವುದು?"

ಅವಳು ಲೋಟವನ್ನು ಕೆಳಗಿಟ್ಟಳು. ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಅದು ಗಿರಿಜಕ್ಕಂದಲ್ಲ ಕಣ್ರೀ. ನಂದು."

ನನಗೆ ಅರ್ಥವಾಗಲಿಲ್ಲ.

"ನಾನು ಈ ಮನೆಗೆ ಬಂದಾಗ ಮಗು ಸಂಜೆ ಆದ್ರೆ ಸಾಕು ಅಳಾದು. ಅಮ್ಮ ಬೇಕು ಅಂತ. ಅವರಮ್ಮಂದು ಏನಾದ್ರೂ ಒಂದು ಬಟ್ಟೆ ಮುಟ್ಟಾಕೆ ಕೊಟ್ರೆ ಸುಮ್ನಾಗ್ತದೇನೋ ಅಂತ ಮನೆಯೆಲ್ಲಾ ಹುಡುಕಿದೆ. ಏನೂ ಇರ್ಲಿಲ್ಲ." ಅವಳು ನನ್ನ ಕಡೆ ನೋಡಲಿಲ್ಲ. "ನಮ್ಮೂರಿಂದ ತಂದಿದ್ದ ಒಂದು ನೂಲಿನ ಸೀರೆ ಇತ್ತು. ನೀಲಿ, ಮೇಲೆ ಬಿಳಿ ಚುಕ್ಕಿ. ಅದನ್ನ ಕೊಟ್ಟು, ತಗಾ ಇದು ನಿಮ್ಮಮ್ಮನ ಸೀರೆ ಅಂದೆ. ತಬ್ಕೊಂಡು ಮಲಗ್ತು. ಏಳೆಂಟು ವರ್ಷ ಆಗೋವರ್ಗೂ ಅದಿಲ್ದೆ ಮಲಗ್ತಿರ್ಲಿಲ್ಲ. ಸುಳ್ಳು ಹೇಳ್ದೆ. ಇನ್ನೇನು ಮಾಡ್ಲಿ ಹೇಳಿ."

ಆ ಮನೆಯಲ್ಲಿ ಏನೂ ಇಲ್ಲದ ಹಾಗೆ ಮಾಡಿದ್ದು ನಾನು. ಪೆಟಿಕೋಟಿನ ದಾರವನ್ನೂ ಬಿಡದವಳು. ನಾನು ತಿಪಟೂರಿನ ಕೋಣೆಯಲ್ಲಿ ಟ್ರಂಕಿನ ಮುಂದೆ ಕೂತು ಅಳುತ್ತಿದ್ದಾಗ, ಇಲ್ಲಿ ಮೂರು ವರ್ಷದ ಮಗು ಹಿಡಿದುಕೊಳ್ಳಲು ಒಂದು ಸೆರಗಿಲ್ಲದೆ ಅಳುತ್ತಿತ್ತು.

"ಅವಳಿಗೆ ಹೇಳ್ಬೇಡಿ ಅಕ್ಕಾವ್ರೇ" ಎಂದಳು ಕಮಲ. "ಅದು ಅವರಮ್ಮಂದು ಅಂತಾನೇ ಇರ್ಲಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬಸ್ಸಿನಲ್ಲಿ ಬರುವಾಗ ಯೋಚನೆ ಬಗೆಹರಿಯಲಿಲ್ಲ. ಕಥೆ ಸಮೇತ ಒಂದು ಸಾಮಾನು ಕೊಡು ಎಂದು ಹುಡುಗಿ ಕೇಳಿದ್ದಾಳೆ. ಟ್ರಂಕಿನಲ್ಲಿರುವುದು ಯಾರದ್ದೆಂದು ಗೊತ್ತಿಲ್ಲದ್ದು. ಅವಳ ಹತ್ತಿರವಿರುವುದು ಅವಳಂದುಕೊಂಡವರದ್ದಲ್ಲ. ಕಮಲಳ ಗುಟ್ಟು ಕಮಲಳದು. ಅದನ್ನು ಹೇಳುವ ಹಕ್ಕು ನನಗಿಲ್ಲ. ಆದರೆ ನನ್ನ ತಪ್ಪು ನನ್ನದಲ್ಲವೇ? ಅದನ್ನು ಹೇಳದೆ ಬರಿಯ ಭರಣಿ ಕೈಗಿಟ್ಟರೆ ಅದಕ್ಕಿಂತ ದೊಡ್ಡ ಸುಳ್ಳು ಯಾವುದು? ಹೀಗೆ ಅಂದುಕೊಂಡರೂ, ಹೇಳಿದರೆ ಈ ಹುಡುಗಿ ನನ್ನ ಮನೆಗೆ ಇನ್ನು ಕಾಲಿಡುತ್ತಾಳೋ ಇಲ್ಲವೋ ಎಂದು ಹೆದರಿಕೆಯಾಗಿ, ಇಳಿಯಬೇಕಾದ ಸ್ಟಾಪು ಬಿಟ್ಟು ಮುಂದೆ ಹೋಗಿ ನಡೆದುಕೊಂಡು ಬಂದೆ.

ಮುಂದಿನ ಭಾನುವಾರ ಚೈತ್ರ ಬಂದಳು. ಟ್ರಂಕನ್ನು ನಡುಮನೆಗೆ ಎಳೆದಿಟ್ಟಿದ್ದೆ. ಇಷ್ಟು ದೊಡ್ಡ ಟ್ರಂಕು ನೋಡಿ ಅವಳ ಕಣ್ಣು ಅರಳಿತು. "ಇಷ್ಟೊಂದಾ? ಇದೆಲ್ಲಾ ಅಮ್ಮ ನಿನಗೆ ಕೊಟ್ಟಿದ್ದಾ?"

"ಕೊಟ್ಟಿದ್ದಲ್ಲ. ನಾನೇ ತಂದಿದ್ದು" ಎಂದೆ. ಎಲ್ಲ ಹೇಳಿದೆ. ಬೀರು ಬಿಡಿಸಿದ್ದು, ಒಂದೂ ಉಳಿಸದೆ ತುಂಬಿದ್ದು, ಮಗುವಿಗೆಂದು ಬಾಯಲ್ಲಿ ಹೇಳಿದ್ದು. "ನಿಜವಾಗಿ ನಿನಗೋಸ್ಕರ ಅಲ್ಲ. ಹೊಸದಾಗಿ ಬರೋರು ಅಕ್ಕನ ವಸ್ತು ಮುಟ್ಟಬಾರದು ಅಂತ ತಂದೆ" ಎಂದೆ.

ಚೈತ್ರ ಜಡೆಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಹತ್ತನೇ ಕ್ಲಾಸಲ್ಲಿದ್ದಾಗ ನಾನು ನಮ್ಮಮ್ಮನ ಹತ್ರ ಜಗಳ ಆಡಿದ್ದೆ" ಎಂದಳು ಕೊನೆಗೆ. "ಅಮ್ಮನ ಸಾಮಾನೆಲ್ಲಾ ಏನು ಮಾಡ್ದೆ ನೀನು, ಮಾರ್ಕೊಂಡ್ಯಾ ಅಂತ ಕೇಳ್ದೆ. ಅಪ್ಪ ಬೈದ್ರು, ಆದ್ರೆ ಏನಾಯ್ತು ಅಂತ ಅವರೂ ಹೇಳ್ಲಿಲ್ಲ. ನಮ್ಮಮ್ಮ ಸುಮ್ನೆ ಒಳಗೆ ಹೋದ್ರು. ಅವರಿಗೆ ಗೊತ್ತಿತ್ತಾ ಚಿಕ್ಕಮ್ಮ, ನಿನ್ನ ಹತ್ರ ಇದೆ ಅಂತ?"

"ಗೊತ್ತಿತ್ತು."

"ಒಂದಿನ ಕೂಡ ಹೇಳ್ಲಿಲ್ಲ."

ಬಿಲ್ಲೆಯನ್ನು ಟ್ರಂಕಿನಲ್ಲಿಟ್ಟಳು. ಮುಚ್ಚಳವನ್ನು ಅವಳೇ ಹಾಕಿದಳು. ಊಟಕ್ಕೆ ಕೂರಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ, "ನಾನು ಆಮೇಲೆ ಫೋನು ಮಾಡ್ತೀನಿ" ಎಂದು ಹೋದಳು. ಅವಳಿಗೆಂದು ಮಾಡಿದ್ದ ಅವರೆಕಾಳು ಸಾರನ್ನು ನಾನು ಎರಡು ದಿನ ಉಂಡೆ.

ನಾಲ್ಕು ದಿನ ಫೋನು ಬರಲಿಲ್ಲ. ಗ್ರಂಥಾಲಯದಲ್ಲಿ ಅಡುಗೆ ಪುಸ್ತಕವೊಂದಕ್ಕೆ ಕಾನೂನಿನ ಚೀಟಿ ಅಂಟಿಸಿ ಬಯ್ಯಿಸಿಕೊಂಡೆ. ಐದನೆಯ ದಿನ ಮೊಬೈಲಿಗೆ ಎರಡು ಸಾಲು ಬಂತು: "ಟ್ರಂಕು ಬಿಳಿಗೆರೆಗೆ ತಗೊಂಡು ಬಾ. ನಾನು ನಮ್ಮಮ್ಮನ ಜೊತೆ ಕೂತು ನೋಡಬೇಕು. ನೀನೂ ಇರಬೇಕು."

ಲಗೇಜು ಆಟೋದಲ್ಲಿ ಡ್ರೈವರಿನ ಪಕ್ಕ ಕೂತು, ಹಿಂದೆ ಟ್ರಂಕು ಇಟ್ಟುಕೊಂಡು, ತಂದ ದಾರಿಯಲ್ಲೇ ಅದನ್ನು ತಿರುಗಿ ಒಯ್ದೆ. ಭಾವನೂ ಒಂದು ಕಡೆ ಹಿಡಿದು ಇಳಿಸಿದರು. ಇಳಿಸಿದವರು ನಿಲ್ಲದೆ ತೋಟದ ಕಡೆ ಹೋದರು. ನಾವು ಮೂವರೂ ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಕಮಲ ಟ್ರಂಕನ್ನು ಮುಟ್ಟಲಿಲ್ಲ. ಚೈತ್ರಳೇ ಒಂದೊಂದು ತೆಗೆದು ಅವಳ ಕೈಗೆ ಕೊಟ್ಟಳು. ಯಾವುದು ಯಾರದ್ದೆಂದು ಹೇಳಬೇಕಾದವಳು ನಾನು. ನನಗೆ ಬಂದ ಉತ್ತರಗಳು ಇಷ್ಟೇ: ಭರಣಿ ಗೊತ್ತಿಲ್ಲ, ದೀಪ ಗೊತ್ತಿಲ್ಲ, ಬಿಲ್ಲೆ ಪಟದಲ್ಲಿದೆ, ಆದರೆ ಅದಕ್ಕೂ ಮುಂಚೆ ನನ್ನಮ್ಮನದಿರಬಹುದು. ಚೈತ್ರ ಒಂದು ಸಲ ಕೋಪದಿಂದ, ಒಂದು ಸಲ ಬೇಸರದಿಂದ, ಕೊನೆಗೆ ತಡೆಯಲಾರದೆ ನಗುತ್ತ ಕೇಳುತ್ತ ಹೋದಳು.

"ಹೋಗ್ಲಿ, ಈ ಅರಿಶಿನದ ಸೀರೆ?"

ಅದರ ಕಥೆ ಮಾತ್ರ ನನಗೆ ಪೂರ್ತಿ ಗೊತ್ತಿತ್ತು. ಹೇಳಿದೆ. ಇಸಿದುಕೊಂಡದ್ದು, ಕೊಡದೆ ಸತಾಯಿಸಿದ್ದು, ಜಗಳವಾಡಿದ್ದು, ನನ್ನ ಮುಂದೆಯೇ ಉಟ್ಟು ಮೆರೆದದ್ದು. ಅಕ್ಕ ಸೊಂಟಕ್ಕೆ ಕೈಯಿಟ್ಟು ಮಾತಾಡುತ್ತಿದ್ದ ಹಾಗೆ ಎದ್ದು ನಿಂತು ತೋರಿಸಿದೆ. ಚೈತ್ರ ಬಾಯಿ ಬಿಟ್ಟುಕೊಂಡು ಕೇಳಿದಳು. ಅವಳ ಅಮ್ಮ ಹೀಗೆ ಜಗಳವಾಡುತ್ತಿದ್ದಳೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ಇದೇ ನನಗೆ" ಎಂದಳು.

"ಅದು ನಂದು ಕಣೇ, ನಿಮ್ಮಮ್ಮಂದಲ್ಲ."

"ಗೊತ್ತು. ಅಮ್ಮ ವಾಪಸ್ ಕೊಡ್ಲಿಲ್ಲ ಅಲ್ವಾ? ನಾನೂ ಕೊಡಲ್ಲ."

ಹೀಗೆ ಹೇಳಿ ಸೀರೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವಳು ನನ್ನನ್ನು ಕ್ಷಮಿಸಿದಳೋ, ಅಥವಾ ನನಗೆ ಇದು ತಕ್ಕ ಶಿಕ್ಷೆ ಎಂದು ಕಸಿದುಕೊಂಡಳೋ ನನಗೆ ಈ ಹೊತ್ತಿಗೂ ಸರಿಯಾಗಿ ಗೊತ್ತಿಲ್ಲ. ಉಳಿದದ್ದೆಲ್ಲ ಟ್ರಂಕಿನ ಸಮೇತ ಬಿಳಿಗೆರೆಯಲ್ಲೇ ಉಳಿಯಿತು.

ಮದುವೆ ತಿಪಟೂರಿನ ಒಂದು ಛತ್ರದಲ್ಲಾಯಿತು. ಬೆಳಗಿನ ಪೂಜೆಗೆ ಚೈತ್ರ ಅರಿಶಿನದ ಸೀರೆ ಉಟ್ಟು ಬಂದಳು. ಎರಡು ದಿನ ಗಾಳಿಗೆ ಹಾಕಿದ್ದರೂ ವಾಸನೆ ಹೋಗಿರಲಿಲ್ಲ. ಹುಡುಗನ ಕಡೆಯ ಒಬ್ಬರು ಮೂಗು ಮುಚ್ಚಿಕೊಂಡದ್ದನ್ನು ನಾನೇ ನೋಡಿದೆ. ಮುಹೂರ್ತಕ್ಕೆ ಅವರು ತಂದ ಸೀರೆ ಉಟ್ಟಳು. ಜಡೆಯಲ್ಲಿ ಯಾರದ್ದೆಂದು ತಿಳಿಯದ ಬಿಲ್ಲೆ.

ಊಟವೆಲ್ಲ ಮುಗಿದು ಹೆಣ್ಣು ಒಪ್ಪಿಸುವ ಮೊದಲು ಮಡಿಲು ತುಂಬುವ ಶಾಸ್ತ್ರ. ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಎಲೆಯಡಿಕೆ ಎಲ್ಲ ಮೊರದಲ್ಲಿತ್ತು. ಕಮಲ ಅದಕ್ಕೆಂದು ಹೊಸ ಬಟ್ಟೆ ತಂದಿದ್ದಳು. ಚೈತ್ರ ಬೇಡವೆಂದು ತಲೆಯಾಡಿಸಿ, ತನ್ನ ಕೈಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಮಡಿಲಿಗೆ ಹರಡಿಕೊಂಡಳು. ಬಣ್ಣ ಮಾಸಿದ ನೀಲಿ. ಮೇಲೆ ಬಿಳಿ ಚುಕ್ಕಿ. ಅಂಚು ಸವೆದು ದಾರ ಜೋಲುತ್ತಿತ್ತು.

ಅಕ್ಕಿ ಹಿಡಿದಿದ್ದ ಕಮಲಳ ಬೊಗಸೆ ಅಲ್ಲೇ ನಿಂತಿತು.

"ಚಿಕ್ಕಮ್ಮ" ಎಂದು ಚೈತ್ರ ನನ್ನ ಕಡೆ ತಿರುಗಿದಳು. "ಇದು ಟ್ರಂಕಲ್ಲಿರಲಿಲ್ಲ ನೋಡು. ಅಮ್ಮ ಇದನ್ನ ಉಟ್ಟಿದ್ದು ನಿನಗೆ ಜ್ಞಾಪಕ ಇದ್ಯಾ?"

ಕಮಲ ನನ್ನನ್ನೇ ನೋಡುತ್ತಿದ್ದಳು. ಏನು ಹೇಳಲಿ? ಆ ಹೊತ್ತಿನಲ್ಲಿ, ನಂಬಿದರೆ ನಂಬಿ, ನನಗೆ ನಿಜವಾಗಿಯೂ ಒಂದು ನೆನಪು ಬಂತು. ಭಾವನ ಎರಡನೇ ಮದುವೆಯಾದ ಮೇಲೆ ಮೊದಲ ಸಲ ಬಿಳಿಗೆರೆಗೆ ಹೋದಾಗ, ಹಿತ್ತಿಲ ಕಲ್ಲಿನ ಹತ್ತಿರ ಒಬ್ಬಳು ಬೆನ್ನು ಮಾಡಿ ನಿಂತಿದ್ದಳು. ನೀಲಿ ಸೀರೆ, ಬಿಳಿ ಚುಕ್ಕಿ. ಸೊಂಟದ ಮೇಲೆ ಮಗು, ಮಗುವಿನ ಮುಷ್ಟಿಯಲ್ಲಿ ಸೆರಗು. ನಾನು ಅದನ್ನು ನೋಡಲಾರದೆ ಮುಖ ತಿರುಗಿಸಿ ಒಳಗೆ ಹೋಗಿದ್ದೆ. ನಿಜವಾಗಿ ಕಂಡದ್ದೋ, ಇಷ್ಟೆಲ್ಲ ಕೇಳಿದ ಮೇಲೆ ನನ್ನ ತಲೆ ಕಟ್ಟಿಕೊಂಡದ್ದೋ ಪ್ರಮಾಣ ಮಾಡಲಾರೆ. ನನ್ನ ತಲೆಯನ್ನು ನಾನು ನಂಬುವ ಕಾಲ ಹೋಯಿತು.

"ಜ್ಞಾಪಕ ಇದೆ" ಎಂದೆ. "ನಿಮ್ಮಮ್ಮ ಇದನ್ನ ಉಟ್ಕೊಂಡು ಹಿತ್ಲಲ್ಲಿ ನಿಂತಿದ್ಲು. ನೀನು ಸೊಂಟದ ಮೇಲಿದ್ದೆ. ಸೆರಗು ಹಿಡ್ಕೊಂಡಿದ್ದೆ."

ಚೈತ್ರ ನನ್ನನ್ನು ನೋಡಿದಳು, ಕಮಲಳನ್ನು ನೋಡಿದಳು, ಮಡಿಲ ಬಟ್ಟೆಯನ್ನು ನೋಡಿದಳು. ಏನು ಅರ್ಥ ಮಾಡಿಕೊಂಡಳೋ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಹಾಕು ನಮ್ಮಮ್ಮ" ಎಂದಳು. ಕಮಲ ಬೊಗಸೆ ಬಗ್ಗಿಸಿದಳು. ಅಕ್ಕಿ ಅರ್ಧ ಮಡಿಲಿಗೆ, ಅರ್ಧ ನೆಲಕ್ಕೆ ಬಿತ್ತು.

ಅದೆಲ್ಲ ಆಗಿ ಎರಡು ತಿಂಗಳಾಯಿತು. ಇವತ್ತು ಮಧ್ಯಾಹ್ನ ಗ್ರಂಥಾಲಯದಲ್ಲಿದ್ದಾಗ ಕಮಲಳ ಫೋನು ಬಂತು. ಮಗಳು ಅಳಿಯ ಯುಗಾದಿಗೆ ಬರುತ್ತಾರಂತೆ, ಮೊದಲ ಹಬ್ಬ.

"ಅಕ್ಕಾವ್ರೇ, ಗಿರಿಜಕ್ಕ ಒಬ್ಬಟ್ಟಿಗೆ ಕಾಯಿ ಹಾಕೋರಾ, ಬೇಳೆನಾ? ಅವರು ಮಾಡೋ ಹಂಗೇ ಮಾಡಾಣ ಅಂತ."

ಹಿಂದೆಯಾಗಿದ್ದರೆ ಥಟ್ಟನೆ ಒಂದು ಹೇಳಿಬಿಡುತ್ತಿದ್ದೆ. ಹೇಳಿ, ಅದನ್ನೇ ನಂಬುತ್ತಿದ್ದೆ. "ಗೊತ್ತಿಲ್ಲ ಕಣೇ ಕಮಲಾ. ನಿಜವಾಗ್ಲೂ ಜ್ಞಾಪಕ ಇಲ್ಲ" ಎಂದೆ.

ಆ ಕಡೆ ದನಿ ಹಗುರಾಯಿತು. ಹೆಸರು ಹಿಡಿದು ಕರೆದದ್ದಕ್ಕೋ ಏನೋ. "ಹಂಗಾದ್ರೆ ಎರಡೂ ಮಾಡಾಣ ಬುಡಿ. ಎರಡು ದಿನ ಮುಂಚೇನೇ ಬಂದ್ಬುಡಿ. ನನ್ನೊಬ್ಬಳ ಕೈಲಿ ಆಗಲ್ಲ."

"ಬತ್ತೀನಿ" ಎಂದೆ.

ಕೂಡಲೇ ರಜೆಯ ಅರ್ಜಿ ಬರೆದೆ. ಕಾರಣ ಎನ್ನುವಲ್ಲಿ ಪೆನ್ನು ತುಸು ನಿಂತಿತು. ತಂಗಿಯ ಮನೆಯಲ್ಲಿ ಹಬ್ಬ ಎಂದು ಬರೆದು ಕೊಟ್ಟೆ. ಅರ್ಜಿ ತೆಗೆದುಕೊಂಡ ಗುಮಾಸ್ತೆ ಓದಿ ತಲೆಯೆತ್ತಿದಳು. ಹತ್ತು ವರ್ಷದಿಂದ ನನ್ನ ಎದುರಿನ ಮೇಜಿನಲ್ಲಿ ಕೂರುವವಳು.

"ನಿಮಗೆ ತಂಗಿ ಇದಾರಾ ಮೇಡಂ? ನಮಗೆ ಗೊತ್ತೇ ಇರ್ಲಿಲ್ಲ."

"ನಂಗೂ ಈಚೆಗೇ ಗೊತ್ತಾಗಿದ್ದು ಕಣಮ್ಮ" ಎಂದೆ. "ಬಿಳಿಗೆರೇಲಿದಾಳೆ."